ಮದುವೆ ಕ್ಯಾಸೆಟ್ಟು, ಎರಡು ಥರದ ಕರೆಂಟು

ಹಳೇ ವಿಡಿಯೋ ಕ್ಯಾಸೆಟ್ಟನ್ನ ಕಂಪ್ಯೂಟರಿಗೆ ಹಾಕಿಸಿದೋರು ಸಾಮಾನ್ಯವಾಗಿ ಹೇಳೋದು ಒಂದೇ ಮಾತು: 'ಅವಾಗ ಎಷ್ಟು ಚೆನ್ನಾಗಿ ಕಾಣ್ತಿತ್ತು, ಈಗ ಯಾಕಿಷ್ಟು ಮಸುಕು?' ಕ್ಯಾಸೆಟ್ಟಿಗೆ ವಯಸ್ಸಾಯ್ತು ಅಂತ ನಾವೇ ಸಮಾಧಾನ ಮಾಡ್ಕೋತೀವಿ. ಆದರೆ ಅಮೆರಿಕದಲ್ಲಿರೋ ನಮ್ಮಂಥೋರ ಮನೆ ಕ್ಯಾಸೆಟ್ಟುಗಳ ವಿಷಯದಲ್ಲಿ ತಪ್ಪೆಲ್ಲಾ ವಯಸ್ಸಿನದಲ್ಲ, ಒಂದಿಷ್ಟು ಇತಿಹಾಸದ್ದೂ ಹೌದು.

ಕಥೆ ಶುರುವಾಗೋದು ಕರೆಂಟಿನಿಂದ. ಅಮೆರಿಕದ ಮನೆಗಳಿಗೆ ಬರೋದು 60 ಹರ್ಟ್ಸ್ ಕರೆಂಟು, ಭಾರತದಲ್ಲಿ 50. ಮೊದಲ ಟಿವಿಗಳಲ್ಲಿ ಚಿತ್ರ ಅಲುಗಾಡದಿರಲಿ ಅಂತ ಕರೆಂಟಿನ ಲೆಕ್ಕಕ್ಕೇ ಚಿತ್ರದ ಲೆಕ್ಕವನ್ನೂ ಹೊಂದಿಸಿದ್ದರು. ಬಣ್ಣ ಬಂದಾಗ, 1953ರಲ್ಲಿ, ಅಮೆರಿಕ ಒಪ್ಪಿಕೊಂಡ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 60 ಅರ್ಧಚಿತ್ರ. ಅರ್ಧಚಿತ್ರ ಅಂದ್ರೆ ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಅದರಲ್ಲಿ ಬಣ್ಣ ನೆಟ್ಟಗೆ ನಿಲ್ತಾ ಇರಲಿಲ್ಲ. ಇಂಜಿನಿಯರುಗಳೇ ಆ ಹೆಸರನ್ನ 'ನೆವರ್ ಟ್ವೈಸ್ ದ ಸೇಮ್ ಕಲರ್' ಅಂತ ಬಿಡಿಸಿ ನಗ್ತಿದ್ರು. ಜರ್ಮನಿಯ ಟೆಲಿಫುಂಕೆನ್ ಕಂಪನಿಯ ವಾಲ್ಟರ್ ಬ್ರುಖ್ 1963ರಲ್ಲಿ ತೋರಿಸಿದ ಪಾಲ್ ಪದ್ಧತಿ, ಒಂದು ಗೆರೆಯ ಬಣ್ಣದ ತಪ್ಪನ್ನ ಮುಂದಿನ ಗೆರೆ ಹೊಡೆದುಹಾಕೋ ಹಾಗೆ ಮಾಡಿತು. 625 ಗೆರೆ, 50 ಅರ್ಧಚಿತ್ರ. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ನಾವು ತಗೊಂಡಿದ್ದು ಇದನ್ನೇ.

ಇನ್ನು ವಿಎಚ್‌ಎಸ್. ಜಪಾನಿನ ಜೆವಿಸಿ 1976ರಲ್ಲಿ ಇದನ್ನ ತಂದಾಗ, ಅರ್ಧ ಇಂಚಿನ ಟೇಪಿನೊಳಗೆ ಇಷ್ಟೆಲ್ಲಾ ಹಿಡಿಸೋದು ಅಂದ್ರೆ ಒಂದೇ ಸೂಟ್‌ಕೇಸಿಗೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲಾ ತುರುಕಿದ ಹಾಗೆ! ಚಿತ್ರದ ವಿವರವನ್ನ ಅಡ್ಡಕ್ಕೆ ಸುಮಾರು 240 ಗೆರೆಗಿಳಿಸಿದರು, ಬಣ್ಣಕ್ಕೆ ಅದಕ್ಕಿಂತಲೂ ಕಮ್ಮಿ ಜಾಗ ಕೊಟ್ಟರು. ಕೆಂಪು ಸೀರೆಯ ಬಣ್ಣ ಪಕ್ಕದವರ ಬಿಳಿ ಪಂಚೆಗೂ ಮೆತ್ತಿಕೊಂಡಂತೆ ಕಾಣೋದು ಇದಕ್ಕೇ.

ನಮ್ಮಕ್ಕನ ಮದುವೆ 1988ರಲ್ಲಿ ಶಿವಮೊಗ್ಗದಲ್ಲಾಯ್ತು. ಕಣ್ಣಿಗೆ ಹೊಡೆಯೋ ಲೈಟು, ಹೂವಿನೊಳಗೆ ವಧೂವರರ ಮುಖ, ಎಲ್ಲಾ ಇದೆ ಅದರಲ್ಲಿ. ನಮ್ಮಜ್ಜಿ ಓಡಾಡಿಕೊಂಡು ಮಾತಾಡೋದು ಇರೋದೂ ಅದೊಂದರಲ್ಲೇ, ನಲವತ್ತು ಸೆಕೆಂಡೂ ಇಲ್ಲ. ಊರಿನ ಪಾಲ್ ಕ್ಯಾಸೆಟ್ಟು ಇಲ್ಲಿನ ವಿಸಿಆರ್‌ನಲ್ಲಿ ಓಡಲ್ಲವಲ್ಲ, ತೊಂಬತ್ತರ ದಶಕದಲ್ಲಿ ಇಲ್ಲಿನ ಅಂಗಡಿಯೊಂದು ಅದನ್ನ ಎನ್‌ಟಿಎಸ್‌ಸಿಗೆ ತಿರುಗಿಸಿ ಕೊಟ್ಟಿತು. ಪಾಲ್‌ನಲ್ಲಿ ಕಣ್ಣಿಗೆ ಬೀಳೋ ಗೆರೆ 576, ಎನ್‌ಟಿಎಸ್‌ಸಿಯಲ್ಲಿ 480. ಅಂದ್ರೆ ಆರರಲ್ಲೊಂದು ಪಾಲು ಗೆರೆ ಅವತ್ತೇ ಹೋಯ್ತು. ಮೇಲಿಂದ 50ನ್ನ 60 ಮಾಡೋಕೆ ಇದ್ದ ಅರ್ಧಚಿತ್ರಗಳನ್ನೇ ಮತ್ತೆ ಮತ್ತೆ ಸೇರಿಸಿದ್ರು, ಅಜ್ಜಿ ಕುಂಟಿದ ಹಾಗೆ ನಡೀತಾರೆ. ಅವರೇನೂ ಕುಂಟ್ತಿರಲಿಲ್ಲ ಸ್ವಾಮಿ!

ಆದ್ದರಿಂದ ಕಾಪಿಯನ್ನ ಕಂಪ್ಯೂಟರಿಗೆ ಹಾಕಿಸೋಕೆ ಮುಂಚೆ ಊರಿನ ಅಟ್ಟ ಹುಡುಕಿಸಿ, ಮೂಲ ಕ್ಯಾಸೆಟ್ಟು ತರಿಸಿ. ಅದನ್ನ ಪಾಲ್ ಓಡಿಸೋ ಯಂತ್ರದಲ್ಲೇ ಓಡಿಸಿ. ಮಲೆನಾಡಿನ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿದಿದ್ರೆ ಮಾತ್ರ ಓಡಿಸಲೇಬೇಡಿ, ಆ ಬೂಷ್ಟು ಯಂತ್ರಕ್ಕೂ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತೆ. ಕೊನೇವರೆಗೂ ವಿಸಿಆರ್ ಮಾಡ್ತಿದ್ದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ನಿಲ್ಲಿಸಿತು, ಹಾಗಾಗಿ ಸಿಗೋದೆಲ್ಲ ಹಳೇ ಯಂತ್ರವೇ. ಎಸ್-ವಿಎಚ್‌ಎಸ್ ಯಂತ್ರ ಸಿಕ್ಕರೆ ಅದೃಷ್ಟ. ಅದರ ಎಸ್-ವಿಡಿಯೋ ತಂತಿ ಬೆಳಕು, ಬಣ್ಣಗಳನ್ನ ಬೇರೆಬೇರೆಯಾಗೇ ಕಳಿಸುತ್ತೆ. ಅಂಥ ಕೆಲವು ಯಂತ್ರಗಳಲ್ಲಿ 'ಟೈಮ್ ಬೇಸ್ ಕರೆಕ್ಟರ್' ಕೂಡ ಇರುತ್ತೆ. ಟೇಪು ಎಳೆದಾಡಿದಾಗ ಗೆರೆಗಳು ಹಿಂದೆಮುಂದೆ ಶುರುವಾಗಿ ಮಂಟಪದ ಕಂಬ ಗಾಳಿಗೆ ಬಳುಕಿದ ಹಾಗೆ ಕಾಣುತ್ತಲ್ಲ, ಇದು ಪ್ರತಿ ಗೆರೆಯನ್ನೂ ಹಿಡಿದಿಟ್ಟು ಹೊತ್ತಿಗೆ ಸರಿಯಾಗಿ ಬಿಡುತ್ತೆ.

ಇನ್ನೂ ಉತ್ಸಾಹ ಇದ್ದೋರು ವಿಎಚ್‌ಎಸ್-ಡಿಕೋಡ್ ಅನ್ನೋ ಉಚಿತ ತಂತ್ರಾಂಶ ನೋಡಬಹುದು. ಅದು ವಿಸಿಆರ್‌ನ ಹೆಡ್ಡು ಓದಿದ ಸಂಕೇತವನ್ನೇ ನೇರವಾಗಿ ತಗೊಂಡು ಮಿಕ್ಕ ಕೆಲಸವನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡುತ್ತೆ. ತಂತಿ ಬೆಸೆಯೋಕೆ ಬರಬೇಕು ಅಷ್ಟೇ.

ಅಂಗಡಿಗೆ ಕೊಡೋದಾದರೆ ಒಂದು ಕೇಳಿ: ಐವತ್ತೂ ಅರ್ಧಚಿತ್ರ ಫೈಲಿನಲ್ಲಿ ಉಳಿಯುತ್ತಾ? ಎಷ್ಟೋ ಕಡೆ ಅರ್ಧ ಬಿಸಾಕಿ ಇಪ್ಪತ್ತೈದು ಕೊಡ್ತಾರೆ, ಧಾರೆ ಎರೆಯೋ ನೀರೂ ತಡವರಿಸುತ್ತೆ. ಎಚ್‌ಡಿ ಮಾಡಿಕೊಡ್ತೀವಿ ಅಂದ್ರೂ ಮೊದಲು ಆ ಕಚ್ಚಾ ಫೈಲನ್ನೇ ಕೇಳಿ ಇಸ್ಕೊಳ್ಳಿ. ಫೈಲು ಬಂತು ಅಂತ ಕ್ಯಾಸೆಟ್ಟನ್ನ ಮಾತ್ರ ಎಸೀಬೇಡಿ.