ನೆನಪಿಲ್ಲದ ಸರ್ವರ್‌ನಲ್ಲಿ ಅಧಿಕಾರ ಯಾರದು?

ಇವತ್ತು ಯಾವ ಚಾಟ್ ತಂತ್ರಾಂಶದಲ್ಲಿ ಗುಂಪು ಕಟ್ಟಿದರೂ ಮಾಲೀಕ, ಅಡ್ಮಿನ್, ಸದಸ್ಯ ಎಂಬ ದರ್ಜೆಗಳು ಸಿದ್ಧವಾಗಿಯೇ ಸಿಗುತ್ತವೆ. ಯಾರೋ ಮೊದಲೇ ಕೂತು ಯೋಚಿಸಿ ರೂಪಿಸಿದ ಏರ್ಪಾಡು ಇದು ಎಂದು ತೋರಬಹುದು. ಇಂಟರ್‌ನೆಟ್ ರಿಲೇ ಚಾಟ್, ಅಂದರೆ ಐಆರ್‌ಸಿಯ ಚರಿತ್ರೆ ಹೇಳುವುದೇ ಬೇರೆ. ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ 1988ರ ಆಗಸ್ಟ್‌ನಲ್ಲಿ ಬರೆದ ಈ ಚಾಟ್ ವ್ಯವಸ್ಥೆಯಲ್ಲಿ ಸರ್ವರ್‌ಗೆ ನೆನಪೆಂಬುದೇ ಇರಲಿಲ್ಲ. ಅವರೂ ಡ್ಯಾರೆನ್ ರೀಡ್ ಅವರೂ ಸೇರಿ 1993ರಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 1459 ದಾಖಲೆಯ ಪ್ರಕಾರ, ಮೊದಲ ಬಳಕೆದಾರ ಒಳಬಂದಾಗ ಚಾನೆಲ್ (ಮಾತುಕತೆಯ ಕೋಣೆ) ಹುಟ್ಟುತ್ತದೆ, ಕೊನೆಯವನು ಹೊರಟಾಗ ಇಲ್ಲವಾಗುತ್ತದೆ. ಮೊದಲು ಬಂದವನಿಗೆ ಆಪರೇಟರ್ ಪಟ್ಟ; ಹೆಸರಿನ ಮುಂದೆ @ ಗುರುತು. ಇತರರನ್ನು ಹೊರಹಾಕುವ, ನಿಷೇಧಿಸುವ, ಇನ್ನೊಬ್ಬರಿಗೆ ಅದೇ ಪಟ್ಟ ಕೊಡುವ ಹಕ್ಕು ಅವನದು. ಸಂಪರ್ಕ ಕಡಿದರೆ ಪಟ್ಟವೂ ಹೋಯಿತು. ಆಮೇಲೆ ಬಂದ ದರ್ಜೆಗಳು, ಬಾಟ್‌ಗಳು, ಮಾಡ್ಯೂಲ್‌ಗಳು ಬಹುಮಟ್ಟಿಗೆ ಈ ಮರೆವಿಗೆ ಹುಡುಕಿದ ಮದ್ದುಗಳೇ. ನೆನಪನ್ನು ಇಟ್ಟುಕೊಂಡವರ ಕಡೆಗೇ ನಿಜವಾದ ಅಧಿಕಾರ ಸರಿಯಿತು ಎಂಬುದು ಈ ಚರಿತ್ರೆಯ ಸಾರ.

ಮರೆವಿನ ದುರುಪಯೋಗ ಬೇಗನೆ ಶುರುವಾಯಿತು. ಐಆರ್‌ಸಿ ಜಾಲವೆಂದರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಹಲವು ಸರ್ವರ್‌ಗಳು. ನಡುವಿನ ಕೊಂಡಿ ಕಡಿದಾಗ ಜಾಲ ಎರಡು ಹೋಳಾಗುತ್ತಿತ್ತು. ಒಂದು ಹೋಳಿನಲ್ಲಿ ಚಾನೆಲ್ ಖಾಲಿಯಿದ್ದರೆ, ಅಲ್ಲಿ ಹೊಸದಾಗಿ ಹೊಕ್ಕವನೇ ಆಪರೇಟರ್. ಕೊಂಡಿ ಮತ್ತೆ ಕೂಡಿದಾಗ ಆತ ಪಟ್ಟದ ಸಮೇತ ಬಂದು, ಹಳೆಯ ಆಪರೇಟರ್‌ಗಳನ್ನೆಲ್ಲ ಹೊರದಬ್ಬಿ ಚಾನೆಲ್ಲನ್ನೇ ವಶಪಡಿಸಿಕೊಳ್ಳಬಹುದಿತ್ತು. ಸರ್ವರ್ ಬರೆಯುವವರು ಕಂಡುಕೊಂಡ ಪರಿಹಾರ ಚಾನೆಲ್ ಹುಟ್ಟಿದ ವೇಳೆಯನ್ನು ದಾಖಲಿಸುವುದು: ಎರಡು ಹೋಳು ಕೂಡಿದಾಗ ಹಳೆಯ ವೇಳೆಯ ಕಡೆಯವರ ಪಟ್ಟ ಉಳಿಯುತ್ತದೆ, ಹೊಸಬರದು ಅಳಿಯುತ್ತದೆ. ಬಳಕೆದಾರರು ಕಂಡುಕೊಂಡದ್ದು ಬಾಟ್, ಅಂದರೆ ಸದಸ್ಯನಂತೆ ಚಾನೆಲ್ ಸೇರುವ ತಂತ್ರಾಂಶ. 1993ರಲ್ಲಿ ರೋಬಿ ಪಾಯಿಂಟರ್ ಬರೆದ ಎಗ್‌ಡ್ರಾಪ್ ಹಗಲಿರುಳು ಚಾನೆಲ್‌ನಲ್ಲೇ ಕೂತು, ಯಾರು ಮಾಲೀಕ, ಯಾರು ಮಾಸ್ಟರ್, ಯಾರು ಆಪರೇಟರ್, ಯಾರು ಸ್ನೇಹಿತ ಎಂಬ ಪಟ್ಟಿಯನ್ನು ತನ್ನ ಕಡತದಲ್ಲಿ ಇಟ್ಟುಕೊಳ್ಳುತ್ತಿತ್ತು. ಟಿಸಿಎಲ್ ಭಾಷೆಯ ಸ್ಕ್ರಿಪ್ಟ್ ಸೇರಿಸಿ ಅದಕ್ಕೆ ಹೊಸ ಕೆಲಸ ಕಲಿಸಬಹುದಿತ್ತು. ಸರ್ವರ್‌ಗೆ ಗೊತ್ತಿಲ್ಲದ ದರ್ಜೆಗಳು ಹೀಗೆ ಸರ್ವರ್‌ನ ಹೊರಗೆ, ಬಳಕೆದಾರರ ಕೈಯಲ್ಲಿ ಬೇರೂರಿದವು.

ನೆನಪಿಲ್ಲದ ಸರ್ವರೇ ಮೇಲು, ಅಲ್ಲಿ ಯಾರ ಅಧಿಕಾರವೂ ಶಾಶ್ವತವಲ್ಲ ಎಂಬ ವಾದವೂ ಇದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ ಐಆರ್‌ಸಿ ಜಾಲಗಳು ನೆನಪಿಡುವ ದಾರಿಯನ್ನೇ ಹಿಡಿದವು. ಅಂಡರ್‌ನೆಟ್ ಜಾಲ ಎಕ್ಸ್ ಎಂಬ ಸೇವೆಯ ಮೂಲಕ ಬಳಕೆದಾರರಿಗೆ 1ರಿಂದ 500ರವರೆಗೆ ಅಂಕಿಯ ದರ್ಜೆ ಕೊಟ್ಟಿತು. ಡಾಲ್‌ನೆಟ್ ಚಾನ್‌ಸರ್ವ್ ಮೂಲಕ ಚಾನೆಲ್ ನೋಂದಣಿ ತಂದಿತು. ಎಫ್‌ನೆಟ್ ಮಾತ್ರ ಇಂಥ ನೋಂದಣಿಯನ್ನು ಒಪ್ಪಲಿಲ್ಲ. ಆದರೆ ಆಪರೇಟರ್‌ಗಳೇ ಇಲ್ಲದೆ ಅನಾಥವಾಗುವ ಚಾನೆಲ್‌ಗಳ ತೊಂದರೆ ತಾಳಲಾರದೆ ಅದೂ ಚಾನ್‌ಫಿಕ್ಸ್ ಎಂಬ ಸೇವೆಯನ್ನು ತರಬೇಕಾಯಿತು. ಯಾರು ಹೆಚ್ಚು ಕಾಲ ಆಪರೇಟರ್ ಆಗಿದ್ದರೆಂದು ಗಮನಿಸಿ ಲೆಕ್ಕವಿಟ್ಟು ಅಂಥವರಿಗೆ ಪಟ್ಟ ಮರಳಿಸುವುದು ಅದರ ಕೆಲಸ. ನೆನಪೇ ಬೇಡವೆಂದವರೂ ಕೊನೆಗೆ ನೆನಪಿನ ಪುಸ್ತಕ ತೆರೆದರು.

ದರ್ಜೆಗೆ ಅನುಗುಣವಾಗಿ ಹಕ್ಕು ಕೊಡುವ ಪದ್ಧತಿ ಕಂಪ್ಯೂಟರ್ ವಿಜ್ಞಾನಿಗಳ ಕೊಡುಗೆಯಲ್ಲವೇ ಎಂದು ಕೇಳಬಹುದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಡೇವಿಡ್ ಫೆರೈಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಅದರ ಸಿದ್ಧಾಂತ ಮಂಡಿಸಿದ್ದು ನಿಜ. ರವಿ ಸಂಧು ಮತ್ತು ಸಂಗಡಿಗರು 1996ರಲ್ಲಿ ಅದನ್ನು ವಿಸ್ತರಿಸಿದರು, 2004ರಲ್ಲಿ ಅದು ಅಮೆರಿಕದ ಮಾನಕವಾಯಿತು. ಆದರೆ ಆ ಸಿದ್ಧಾಂತಕ್ಕೆ ಮೊದಲು ಒಂದು ಸಂಸ್ಥೆ ಬೇಕು. ಬ್ಯಾಂಕಿನ ಗುಮಾಸ್ತ, ಆಸ್ಪತ್ರೆಯ ವೈದ್ಯ ಎಂಬ ಹುದ್ದೆಗಳು ಅಲ್ಲಿ ಮೊದಲೇ ಇರುತ್ತವೆ, ಯಾರು ಯಾವ ಹುದ್ದೆಯಲ್ಲಿದ್ದಾರೆಂದು ಹೇಳಬಲ್ಲ ಅಧಿಕಾರಿಯೂ ಇರುತ್ತಾನೆ. ಐಆರ್‌ಸಿ ಚಾನೆಲ್‌ನಲ್ಲಿ ಹುದ್ದೆಯೂ ಇಲ್ಲ, ಅಧಿಕಾರಿಯೂ ಇಲ್ಲ. ಅಲ್ಲಿ ದರ್ಜೆಗಳು ಜಗಳದಿಂದ ಹುಟ್ಟಿದವು.

ಮಾಡ್ಯೂಲ್‌ಗಳ, ಅಂದರೆ ಸರ್ವರ್‌ಗೆ ಬೇಕಾದಾಗ ಜೋಡಿಸಬಲ್ಲ ತಂತ್ರಾಂಶದ ತುಣುಕುಗಳ ಕಾಲ ಬಂದ ಮೇಲೆ ದರ್ಜೆಗಳು ಹೊರಗಿನಿಂದ ಮತ್ತೆ ಸರ್ವರ್‌ನ ಒಳಕ್ಕೆ ಬಂದವು. ಡಾಲ್‌ನೆಟ್‌ನ ಸರ್ವರ್ ತಂತ್ರಾಂಶವನ್ನು ಆಧರಿಸಿ 1999ರಲ್ಲಿ ಶುರುವಾದ ಅನ್‌ರಿಯಲ್‌ಐಆರ್‌ಸಿಡಿ ಮಾಲೀಕ, ಅಡ್ಮಿನ್, ಅರೆ ಆಪರೇಟರ್ ಎಂಬ ಮೆಟ್ಟಿಲುಗಳನ್ನು ಬಳಕೆಗೆ ತಂದಿತು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬುಡದಿಂದಲೇ ಹೊಸದಾಗಿ ಬರೆದ ಇನ್‌ಸ್ಪ್‌ಐಆರ್‌ಸಿಡಿ, ಮಾಲೀಕ ಎಂಬ ದರ್ಜೆಯನ್ನೇ ಬೇಕಿದ್ದರೆ ಹಾಕಿಕೊಳ್ಳುವ, ಬೇಡವಾದರೆ ಬಿಡುವ ಮಾಡ್ಯೂಲ್ ಮಾಡಿತು. ಇದರಿಂದ ಸಮುದಾಯಗಳಿಗೆ ತಮಗೆ ಬೇಕಾದ ನಿಯಮ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಬಂತಲ್ಲ ಎಂಬ ಮಾತು ಅರ್ಧ ಸರಿ. ಮಾಡ್ಯೂಲ್ ಹಾಕುವ, ತೆಗೆಯುವ ಹಕ್ಕು ಸರ್ವರ್ ನಡೆಸುವವರದು, ಚಾನೆಲ್ ಕಟ್ಟಿದವರದಲ್ಲ. ಎಗ್‌ಡ್ರಾಪ್ ಪಟ್ಟಿ ಬಳಕೆದಾರನ ಸ್ವಂತ ಯಂತ್ರದಲ್ಲಿರಬಹುದಿತ್ತು; ಈಗ ಎಷ್ಟು ದರ್ಜೆಗಳು ಇರಬಹುದು ಎಂಬುದನ್ನೂ ಮೇಲಿನವರೇ ತೀರ್ಮಾನಿಸುತ್ತಾರೆ.

ಇದರ ಪರಿಣಾಮ 2021ರಲ್ಲಿ ಕಣ್ಣಿಗೆ ಕಂಡಿತು. ಮುಕ್ತ ತಂತ್ರಾಂಶ ಯೋಜನೆಗಳು ನೆಲೆಸಿದ್ದ ಫ್ರೀನೋಡ್ ಜಾಲದ ಒಡೆತನದ ಬಗ್ಗೆ ವಿವಾದವೆದ್ದು, ಮೇ ತಿಂಗಳಲ್ಲಿ ಅದರ ಸ್ವಯಂಸೇವಕರು ಸಾಮೂಹಿಕವಾಗಿ ಹೊರಬಂದು ಲಿಬೆರಾ ಚಾಟ್ ಕಟ್ಟಿದರು. ಅದೇ ತಿಂಗಳು, ವಿಷಯಸೂಚನೆಯಲ್ಲಿ ಲಿಬೆರಾ ಹೆಸರಿದ್ದ ನೂರಾರು ಚಾನೆಲ್‌ಗಳನ್ನು ಫ್ರೀನೋಡ್ ತನ್ನ ವಶಕ್ಕೆ ತೆಗೆದುಕೊಂಡಿತು. ಜೂನ್‌ನಲ್ಲಿ ಸರ್ವರ್ ತಂತ್ರಾಂಶ ಬದಲಿಸಿದಾಗ ಹಳೆಯ ಹೆಸರು ಮತ್ತು ಚಾನೆಲ್ ನೋಂದಣಿಗಳನ್ನು ಮುಂದಕ್ಕೆ ಒಯ್ಯಲಿಲ್ಲ. ವರ್ಷಗಟ್ಟಲೆ ಕಾಯ್ದುಕೊಂಡ ದರ್ಜೆಗಳು ಒಮ್ಮೆಗೇ ಇಲ್ಲವಾದವು. 2015ರಲ್ಲಿ ಬಂದ ಡಿಸ್ಕಾರ್ಡ್‌ನಲ್ಲಿ ದರ್ಜೆಗಳನ್ನು ಬೇಕಾದಂತೆ ಹೆಣೆಯಬಹುದು, ಆದರೆ ಆ ಪಟ್ಟಿ ಇರುವುದು ಒಂದೇ ಕಂಪನಿಯ ಬಳಿ. ಆದ್ದರಿಂದ ಸಂಘಕ್ಕೋ ಯೋಜನೆಗೋ ಚಾಟ್ ವ್ಯವಸ್ಥೆ ಆರಿಸುವವರು ಎಷ್ಟು ದರ್ಜೆಗಳಿವೆ, ಎಷ್ಟು ಪ್ಲಗಿನ್‌ಗಳಿವೆ ಎಂದು ಎಣಿಸುವ ಮೊದಲು, ಆ ಪಟ್ಟಿ ಯಾರ ಬಳಿ ಇರುತ್ತದೆ, ಅದರ ಪ್ರತಿಯನ್ನು ತಾವು ಒಯ್ಯಬಹುದೇ ಎಂದು ಕೇಳಬೇಕು.