ದಶಮಾಂಶ ಭಾಗಲಬ್ಧ

ಒಂದು ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಿದಾಗ ಶೇಷ ಉಳಿದರೆ, ಭಾಗಾಕಾರವನ್ನು ಅಲ್ಲಿಗೇ ನಿಲ್ಲಿಸದೆ ದಶಮಾಂಶ ಬಿಂದುವಿನಾಚೆಗೂ ಮುಂದುವರಿಸಿ ಪಡೆಯುವ ಫಲವೇ ದಶಮಾಂಶ ಭಾಗಲಬ್ಧ. ಭಾಗಿಸಲ್ಪಡುವ ಸಂಖ್ಯೆ ಭಾಜ್ಯ, ಭಾಗಿಸುವ ಸಂಖ್ಯೆ ಭಾಜಕ. ಶೇಷದ ಮುಂದೆ ಸೊನ್ನೆ ಬರೆಯುವುದನ್ನು ಬರಿಯ ರೂಢಿಯೆಂದು ಕಲಿಸುವುದು ಸರಿಯಲ್ಲ. ಉಳಿದ 1 ಬಿಡಿಯನ್ನು 10 ದಶಾಂಶಗಳಾಗಿ, ದಶಾಂಶದ ಶೇಷವನ್ನು ಶತಾಂಶಗಳಾಗಿ ಒಡೆಯುವುದೇ ಅದರ ಅರ್ಥ.

22ನ್ನು 7ರಿಂದ ಭಾಗಿಸಿದರೆ 3 ಬಂದು 1 ಉಳಿಯುತ್ತದೆ. ಬಿಂದುವಿಟ್ಟು 10ನ್ನು ಭಾಗಿಸಿದಾಗ 1 ಬಂದು 3 ಉಳಿಯುತ್ತದೆ. ಹೀಗೆಯೇ ಮುಂದುವರಿದಂತೆ ಶೇಷಗಳು 2, 6, 4, 5 ಎಂದು ಸಾಗಿ ಮತ್ತೆ 1ಕ್ಕೆ ಮರಳುವುದರಿಂದ, 3.142857ರ ಅನಂತರ 142857 ಎಂಬ ಅಂಕಿಗಳ ಗುಂಪು ಕೊನೆಯಿಲ್ಲದೆ ಆವರ್ತಿಸುತ್ತದೆ. ಭಾಜಕ 7 ಆಗಿರುವಾಗ ಸೊನ್ನೆಯಲ್ಲದ ಶೇಷಗಳು ಆರೇ ಇರುವುದರಿಂದ ಈ ಮರಳುವಿಕೆ ಅನಿವಾರ್ಯ. ಗಣಿತದ ಸೊಗಸಾದ ತರ್ಕಗಳಲ್ಲಿ ಇದೊಂದು. ಭಿನ್ನರಾಶಿಯನ್ನು ಸಂಕ್ಷೇಪಿಸಿದ ಮೇಲೆ ಛೇದದಲ್ಲಿ 2 ಮತ್ತು 5ರ ಹೊರತು ಬೇರೆ ಅವಿಭಾಜ್ಯ ಅಪವರ್ತನವಿಲ್ಲದಿದ್ದರೆ ಮಾತ್ರ ದಶಮಾಂಶ ಅಂತ್ಯಗೊಳ್ಳುತ್ತದೆ.

3ನ್ನು 40ರಿಂದ ಭಾಗಿಸುವಾಗ 30 ದಶಾಂಶಗಳಲ್ಲಿ 40 ಹೋಗದ ಕಾರಣ ಆ ಸ್ಥಾನದಲ್ಲಿ ಸೊನ್ನೆಯನ್ನು ಬರೆಯಲೇಬೇಕು. ಅದನ್ನು ಬಿಟ್ಟರೆ 0.075 ಬರಬೇಕಾದಲ್ಲಿ 0.75 ಬರುತ್ತದೆ. ಭಾಜಕವೇ ದಶಮಾಂಶವಾಗಿದ್ದರೆ ಎರಡನ್ನೂ 10, 100 ಮೊದಲಾದವುಗಳಿಂದ ಗುಣಿಸಿ ಭಾಜಕವನ್ನು ಪೂರ್ಣಾಂಕವಾಗಿಸಲಾಗುತ್ತದೆ: 4.5 ÷ 0.12 ಎಂಬುದು 450 ÷ 12 ಆಗಿ 37.5ನ್ನು ಕೊಡುತ್ತದೆ.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಭಾಗಾಕಾರವನ್ನು ವಿವರಿಸಿದ್ದಾನೆ. ಯೂರೋಪಿನಲ್ಲಿ ದಶಮಾಂಶ ಗಣನೆ ಬಳಕೆಗೆ ಬರಲು ಸೈಮನ್ ಸ್ಟೆವಿನ್ 1585ರಲ್ಲಿ ಪ್ರಕಟಿಸಿದ ಕಿರುಹೊತ್ತಗೆ ಮುಖ್ಯ ಕಾರಣವಾಯಿತು.