ಸಹಿಗೆ ಮುಂಚಿನ ಅಧಿಕಾರ

ರಾಷ್ಟ್ರಪತಿ ಬರೀ ರಬ್ಬರ್ ಸ್ಟಾಂಪ್ ಎನ್ನುವವರಿಗೆ ಸಂವಿಧಾನದ 1976ರ 42ನೇ ತಿದ್ದುಪಡಿಯೇ ಆಧಾರ. ಸಂಪುಟದ ಸಲಹೆಯಂತೆಯೇ ನಡೆಯಬೇಕೆಂದು ಅದು ಕಟ್ಟಿಹಾಕಿತು. ಮರುವರ್ಷ ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಸಹಿ ಹಾಕಲು ಹಂಗಾಮಿ ರಾಷ್ಟ್ರಪತಿ, ಹಿಂದೆ ಮೈಸೂರಿನ ಮುಖ್ಯಮಂತ್ರಿಯಾಗಿದ್ದ ಬಿ.ಡಿ. ಜತ್ತಿ, ಹಿಂದೇಟು ಹಾಕಿದರು, ಕೊನೆಗೆ ಹಾಕಲೇಬೇಕಾಯಿತು. ಆದರೆ 1978ರ 44ನೇ ತಿದ್ದುಪಡಿ, ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸುವ ಅವಕಾಶ ಕೊಟ್ಟಿತು. 1997ರಲ್ಲಿ ಉತ್ತರ ಪ್ರದೇಶದ ಮೇಲೆ ಕೇಂದ್ರದ ಆಳ್ವಿಕೆ ಹೇರುವ ಶಿಫಾರಸನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಹಿಂದಿರುಗಿಸಿದರು. ಮತ್ತೆ ಬಂದಿದ್ದರೆ ಒಪ್ಪಲೇಬೇಕಿತ್ತು. ಆದರೆ ಪ್ರಧಾನಿ ಗುಜ್ರಾಲ್ ಸಂಪುಟವೇ ಅದನ್ನು ಕೈಬಿಟ್ಟಿತು. ಅದಕ್ಕೂ ಮುಂಚೆ ರಾಷ್ಟ್ರಪತಿಯಾಗಿದ್ದ ಜೈಲ್ ಸಿಂಗ್ ಅಂತೂ ಪತ್ರಗಳನ್ನು ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ 1986ರ ಅಂಚೆ ಮಸೂದೆಗೆ ಅಂಕಿತವನ್ನೂ ಹಾಕಲಿಲ್ಲ, ವಾಪಸೂ ಕಳಿಸಲಿಲ್ಲ. ಮಸೂದೆಗಳ ಅಂಕಿತದ ಬಗೆಗಿನ ಸಂವಿಧಾನದ 111ನೇ ವಿಧಿಯಲ್ಲಿ ಗಡುವೇ ಇಲ್ಲವಲ್ಲ! ಚುನಾಯಿತ ಸಂಸತ್ತನ್ನು ಹೀಗೆ ತಡೆಯಬಹುದೇ ಎಂಬ ಆಕ್ಷೇಪ ತೂಕದ್ದೇ. ಅದಕ್ಕೇ ನಾರಾಯಣನ್ ದಾರಿ ಮೇಲು: ಹಿಂದಿರುಗಿಸಿದರೆ ಸರ್ಕಾರ ಮತ್ತೊಮ್ಮೆ ಯೋಚಿಸಿ ನಿರ್ಧರಿಸಲೇಬೇಕು, ಕಡತ ಕಪಾಟಿನಲ್ಲೇ ಕೂತರೆ ಯಾರೂ ಉತ್ತರಿಸಬೇಕಿಲ್ಲ.